ಆಳಿನ ಲೆಕ್ಕ, ಮರ್ಯಾದೆಯ ಲೆಕ್ಕ

ಅನ್ನವೂ ಮಾಯೆಯೇ ಎಂದು ಶಿವ ಒಮ್ಮೆ ಹೇಳಿಬಿಟ್ಟನಂತೆ. ಅದನ್ನು ಕೇಳಿದ ಪಾರ್ವತಿ ವಾದಕ್ಕೆ ನಿಲ್ಲಲಿಲ್ಲ, ಸುಮ್ಮನೆ ಮರೆಯಾದಳು. ಅವಳ ಜೊತೆಗೆ ಲೋಕದ ಬೆಳೆ, ಧಾನ್ಯ, ಅಡುಗೆ ಎಲ್ಲವೂ ಮರೆಯಾದವು. ಜಗತ್ತು ಹಸಿವಿನಿಂದ ಕಂಗೆಟ್ಟಾಗ ಮಾಯೆಯ ಮಾತಾಡಿದ ಶಿವನೇ ಕಪಾಲ ಹಿಡಿದು, ಕಾಶಿಯಲ್ಲಿ ಅನ್ನಪೂರ್ಣೆಯಾಗಿ ನಿಂತ ಪಾರ್ವತಿಯ ಮುಂದೆ ಭಿಕ್ಷೆ ಬೇಡಬೇಕಾಯಿತು.

ಹೊರನಾಡಿನ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಹೋಗಿಬಂದ ಭಕ್ತರಲ್ಲಿ ಈ ಕಥೆಯನ್ನು ಕೇಳದವರು ಕಡಿಮೆ. ಚಿಕ್ಕಮಗಳೂರು ಜಿಲ್ಲೆಯ ಕಳಸದಿಂದ ಎಂಟು ಕಿಲೋಮೀಟರ್ ದೂರದಲ್ಲಿ, ಭದ್ರಾ ನದಿ ಹರಿಯುವ ಮಲೆಗಳ ನಡುವೆ ಇರುವ ಈ ದೇವಾಲಯ 1973ರಲ್ಲಿ ಜೀರ್ಣೋದ್ಧಾರಗೊಂಡಿತು. ಬಂದವರು ಯಾರೇ ಆಗಲಿ ಊಟ ಮಾಡಿಯೇ ಹೋಗಬೇಕು ಎಂಬುದು ಇಲ್ಲಿನ ಕಟ್ಟಳೆ. ದೇವರ ದರ್ಶನದಷ್ಟೇ ಮುಖ್ಯವಾದುದು ಎಲೆಯ ಮುಂದೆ ಕೂರುವುದು.

ಈ ಕಥೆಯಲ್ಲಿ ಭಕ್ತಿಯ ಜೊತೆಗೆ ಇನ್ನೊಂದು ಮಾತೂ ಅಡಗಿದೆ. ಅನ್ನವನ್ನು ಹಗುರವಾಗಿ ಕಂಡವನು ದೇವರೇ ಆದರೂ ಭಿಕ್ಷಾಪಾತ್ರೆ ಹಿಡಿಯಬೇಕಾಗುತ್ತದೆ. ಅನ್ನವನ್ನು ಹಗುರವಾಗಿ ಕಾಣುವುದೆಂದರೆ ಅದರ ಹಿಂದಿನ ದುಡಿಮೆಯನ್ನು ಹಗುರವಾಗಿ ಕಾಣುವುದೇ ಅಲ್ಲವೇ? ದುಡಿಯುವವರನ್ನು ಹೇಗೆ ಕಾಣಬೇಕು, ಹೇಗೆ ಮಾತನಾಡಿಸಬೇಕು ಎಂಬ ಪ್ರಶ್ನೆಗೆ ಹೊರನಾಡಿನ ಸುತ್ತಲ ಬೆಟ್ಟಗಳು ಕಳೆದ ಇನ್ನೂರು ವರ್ಷಗಳಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿವೆ. ಇಂದು ಸಾರ್ವಜನಿಕ ಜೀವನದಲ್ಲಿ ಸೌಜನ್ಯ ಕಡಿಮೆಯಾಯಿತು, ದುಡಿಯುವ ಶ್ರದ್ಧೆ ಹೋಯಿತು, ಮನುಷ್ಯರ ಗುಣ ಕೆಟ್ಟಿತು ಎಂಬ ದೂರು ಎಲ್ಲೆಡೆ ಕೇಳಿಬರುತ್ತಿದೆ. ಹಿಂದಿನ ಕಾಲದಲ್ಲಿ ಈ ಗುಣಗಳು ಯಾರಿಗೆ ಎಷ್ಟು ಪಾಲು ಸಿಕ್ಕಿದ್ದವು ಎಂಬುದನ್ನು ನೋಡದೆ ಈ ದೂರನ್ನು ತೂಗಲು ಸಾಧ್ಯವಿಲ್ಲ. ಅದಕ್ಕೆ ಕಾಫಿ ಸೀಮೆಯ ಚರಿತ್ರೆಗಿಂತ ಒಳ್ಳೆಯ ತಕ್ಕಡಿ ಬೇರೆಲ್ಲೂ ಸುಲಭವಾಗಿ ಸಿಗಲಾರದು.

ಬೀಜ ಬಂತು, ಕೈಗಳು ಬೇಕಾದವು

ಹಜ್ ಯಾತ್ರೆಯಿಂದ ಮರಳುವಾಗ ಬಾಬಾ ಬುಡನ್ ಅರಬ್ ನಾಡಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬುದು ಪ್ರತೀತಿ. ಹದಿನೇಳನೆಯ ಶತಮಾನದ್ದು ಎನ್ನಲಾಗುವ ಈ ಘಟನೆಯ ನಂತರ ಬಹುಕಾಲ ಕಾಫಿ ಹಿತ್ತಿಲ ಗಿಡವಾಗಿಯೇ ಉಳಿಯಿತು. ಮನೆಮಂದಿಯೇ ನೆಟ್ಟು, ಮನೆಮಂದಿಯೇ ಕುಯ್ದು, ಒಣಗಿಸಿ ಮಾರುತ್ತಿದ್ದ ಬೆಳೆ ಅದು. ಹೊರಗಿನ ಆಳುಗಳ ಅಗತ್ಯ ಅಷ್ಟಾಗಿ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಚಿತ್ರ ಬದಲಾಯಿತು. ಥಾಮಸ್ ಕ್ಯಾನನ್ ಎಂಬ ಆಂಗ್ಲ ಬಾಬಾ ಬುಡನ್ ಗಿರಿಯ ತಪ್ಪಲಲ್ಲಿ ತೋಟ ಎಬ್ಬಿಸಿದ. ಅವನ ಹಿಂದೆ ಇನ್ನೂ ಹಲವರು ಬಂದರು. 1855ರ ಸುಮಾರಿಗೆ ಮೈಸೂರಿಗೆ ಬಂದು ಮಂಜರಾಬಾದಿನಲ್ಲಿ ನೆಲೆಸಿದ ರಾಬರ್ಟ್ ಎಲಿಯಟ್ ಅವರಲ್ಲಿ ಹೆಸರುವಾಸಿ. ಇಂದಿನ ಸಕಲೇಶಪುರದ ಸುತ್ತಲ ಪ್ರದೇಶವೇ ಅಂದಿನ ಮಂಜರಾಬಾದು. ತೋಟಗಾರನ ಅನುಭವಗಳನ್ನು ಕುರಿತು ಆತ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಪ್ರಕಟಿಸಿದ.

ನೂರಾರು ಎಕರೆಯ ತೋಟಕ್ಕೆ ಮನೆಮಂದಿಯ ಕೈ ಸಾಲುವುದಿಲ್ಲ. ಕಾಡು ಸವರಬೇಕು, ಗುಂಡಿ ತೋಡಬೇಕು, ಸಸಿ ನೆಡಬೇಕು, ಕಳೆ ಕೀಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ನವೆಂಬರಿನಿಂದ ಮಾರ್ಚಿಯವರೆಗೆ ಹಣ್ಣು ಕುಯ್ಯಬೇಕು. ಮಲೆನಾಡಿನಲ್ಲಿ ಜನವಸತಿ ವಿರಳ. ಮಳೆಗಾಲ ಭೀಕರ. ಮಲೇರಿಯಾದ ಭಯ ಬೇರೆ. ಆದ್ದರಿಂದ ಕೈಗಳು ಹೊರಗಿನಿಂದ ಬರಬೇಕಾಯಿತು. ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ, ಬಯಲು ಸೀಮೆಯಿಂದ, ತಮಿಳು ನಾಡಿನಿಂದ ದುಡಿಯುವ ಜನ ಬಂದರು. ಊರಿನ ಗದ್ದೆಯ ಕೆಲಸ ಮುಗಿದ ಮೇಲೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಪಾತ್ರೆಪಗಡೆ ಹೊತ್ತು ಘಟ್ಟ ಹತ್ತುವುದು ತಲೆಮಾರುಗಳ ರೂಢಿಯಾಯಿತು.

ಮುಂಗಡವೆಂಬ ಹಗ್ಗ

ಇವರನ್ನು ಕರೆತರುತ್ತಿದ್ದವನು ಮೇಸ್ತ್ರಿ. ತೋಟದ ದೊರೆ ಮೇಸ್ತ್ರಿಯ ಕೈಗೆ ಮುಂಗಡ ಹಣ ಕೊಡುತ್ತಿದ್ದ. ಮೇಸ್ತ್ರಿ ಹಳ್ಳಿಗೆ ಹೋಗಿ ಮನೆ ಮನೆಗೆ ಅದನ್ನು ಹಂಚುತ್ತಿದ್ದ. ಮದುವೆಯೋ, ಕಾಯಿಲೆಯೋ, ಮಳೆಗಾಲದ ಹಸಿವೋ ಎದುರಾದವರಿಗೆ ಆ ಹಣ ದೇವರು ಕೊಟ್ಟಂತೆ. ಆದರೆ ಅದನ್ನು ತೀರಿಸಬೇಕಾದದ್ದು ದುಡಿಮೆಯಿಂದ. ಕರೆತಂದ ಆಳುಗಳ ದುಡಿಮೆಯ ಮೇಲೆ ಮೇಸ್ತ್ರಿಗೆ ಕಮಿಷನ್ ಸಿಗುತ್ತಿತ್ತು. ಅಕ್ಕಿ, ಕಂಬಳಿ, ಔಷಧಿಯ ಲೆಕ್ಕ ಸೇರಿ ಸಾಲ ಬೆಳೆಯುವುದೂ ಇತ್ತು. ಓದುಬರಹ ಬಾರದವರಿಗೆ ಲೆಕ್ಕದ ಪುಸ್ತಕದಲ್ಲಿ ಏನಿದೆ ಎಂದು ತಿಳಿಯುವ ದಾರಿ ಇರಲಿಲ್ಲ.

ಮುಂಗಡ ಎಂಬುದು ತಾನೇ ಕೆಟ್ಟದ್ದಲ್ಲ. ನಂಬಿಕೆ ಇದ್ದಲ್ಲಿ ಮಾತ್ರ ಒಬ್ಬರು ಇನ್ನೊಬ್ಬರಿಗೆ ಮುಂಗಡ ಕೊಡುತ್ತಾರೆ. ಆದರೆ ಈ ನಂಬಿಕೆಯ ಹಿಂದೆ ಒಂದು ಕಾನೂನು ನಿಂತಿತ್ತು. 1859ರಲ್ಲಿ ಬ್ರಿಟಿಷ್ ಸರ್ಕಾರ ಕೆಲಸಗಾರರ ಕರಾರುಭಂಗ ಕಾಯಿದೆಯನ್ನು ಜಾರಿಗೆ ತಂದಿತು. ಮದರಾಸು, ಕಲ್ಕತ್ತ, ಮುಂಬಯಿ ನಗರಗಳ ಕುಶಲಕರ್ಮಿಗಳನ್ನು ಗಮನದಲ್ಲಿಟ್ಟುಕೊಂಡು ಮಾಡಿದ್ದ ಈ ಕಾಯಿದೆ ಕ್ರಮೇಣ ದಕ್ಷಿಣ ಭಾರತದ ತೋಟಗಳಿಗೂ ವಿಸ್ತರಿಸಿತು. ಮುಂಗಡ ಪಡೆದು ಕೆಲಸಕ್ಕೆ ಬಾರದವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹಣ ಹಿಂದಿರುಗಿಸು ಅಥವಾ ಕೆಲಸ ಮಾಡು ಎಂದು ಅವರು ಆಜ್ಞೆ ಮಾಡಬಹುದಿತ್ತು. ಅದನ್ನು ಪಾಲಿಸದಿದ್ದರೆ ಮೂರು ತಿಂಗಳವರೆಗೆ ಸೆರೆವಾಸ.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕರಾರು ಎಂದರೆ ಎರಡು ಕಡೆಯ ಮಾತು. ಕೂಲಿಯವನು ಮಾತು ತಪ್ಪಿದರೆ ಅದು ಅಪರಾಧ, ಅವನಿಗೆ ಜೈಲು. ಧಣಿ ಕೂಲಿ ಕೊಡದೆ ಮಾತು ತಪ್ಪಿದರೆ ಅದು ಬರಿಯ ಹಣಕಾಸಿನ ವ್ಯಾಜ್ಯ. ಒಂದೇ ತಪ್ಪಿಗೆ ಎರಡು ಹೆಸರು. ಗುಣದ ಪರೀಕ್ಷೆ ಯಾವಾಗಲೂ ಕೆಳಗೆ ನಿಂತವನಿಗೇ ನಡೆಯಿತು. ಎಲಿಯಟ್ ತನ್ನ ಪುಸ್ತಕದಲ್ಲಿ ಮಂಜರಾಬಾದಿನ ಜನರ ನಡತೆ, ಅವರ ಜಾತಿ ಪದ್ಧತಿಗಳನ್ನು ಕುರಿತು ಪುಟಗಟ್ಟಲೆ ಬರೆದ. ದೊರೆಗಳ ನಡತೆಯನ್ನು ಕುರಿತು ಕೂಲಿಯವರು ಏನು ಹೇಳುತ್ತಿದ್ದರು ಎಂಬುದನ್ನು ಪುಸ್ತಕ ಮಾಡಿದವರಿಲ್ಲ.

ಈ ಕಾಯಿದೆ ರದ್ದಾಗಲು ಅರವತ್ತಾರು ವರ್ಷ ಹಿಡಿಯಿತು. 1925ರಲ್ಲಿ ಅದನ್ನು ರದ್ದುಪಡಿಸುವ ಕಾಯಿದೆ ಬಂದು, ಮರುವರ್ಷ ಜಾರಿಯಾಯಿತು. ಕಾಯಿದೆ ಹೋಯಿತು. ಮುಂಗಡ ಹೋಗಲಿಲ್ಲ.

ನೀನು ಮತ್ತು ನೀವು

ಕನ್ನಡದಲ್ಲಿ ಸೌಜನ್ಯ ವ್ಯಾಕರಣದೊಳಗೇ ಕುಳಿತಿದೆ. ಬಾ ಮತ್ತು ಬನ್ನಿ, ಅವನು ಮತ್ತು ಅವರು, ನೀನು ಮತ್ತು ನೀವು. ಒಂದು ವಾಕ್ಯ ಆಡಿದ ಕೂಡಲೇ ಎದುರಿಗಿರುವವರನ್ನು ಎಲ್ಲಿ ಇಟ್ಟಿದ್ದೇವೆ ಎಂಬುದು ಬಯಲಾಗುತ್ತದೆ. ತುಳುವಿನಲ್ಲೂ ಹಾಗೆಯೇ. ಅಲ್ಲಿ ‘ಈ’ ಎಂದರೆ ನೀನು, ‘ಈರ್’ ಎಂದರೆ ಗೌರವದ ನೀವು. ತಾಯಿಯನ್ನು, ದೇವರನ್ನು, ಗೆಳೆಯನನ್ನು ನೀನು ಎನ್ನುವುದು ಪ್ರೀತಿ. ತನಗಿಂತ ಹಿರಿಯ ವಯಸ್ಸಿನ ಕೂಲಿಯವನನ್ನು ಹದಿನೈದರ ಹುಡುಗ ನೀನು ಎನ್ನುವುದು ಪ್ರೀತಿಯಲ್ಲ.

ತೋಟದ ಬದುಕಿನಲ್ಲಿ ಈ ವ್ಯಾಕರಣ ಕಟ್ಟುನಿಟ್ಟಾಗಿ ನಡೆಯಿತು. ಮೇಲಿನವರಿಗೆ ದೊರೆ, ಧಣಿ, ಅಯ್ಯ, ಗೌಡರು, ಸಾಹುಕಾರರು ಎಂಬ ಹೆಸರುಗಳು. ತೋಟದ ಗುಮಾಸ್ತನಿಗೂ ರೈಟರು ಎಂಬ ಬಹುವಚನ. ಕೆಳಗಿನವರಿಗೆ ಇದ್ದದ್ದು ಒಂದೇ ಪದ: ಆಳು. ಅದು ಮನುಷ್ಯನ ಹೆಸರೂ ಹೌದು, ಕೆಲಸದ ಅಳತೆಯೂ ಹೌದು. ಕಳೆ ತೆಗೆಯಲು ಎಕರೆಗೆ ಇಷ್ಟಾಳು, ಗುಂಡಿಗೆ ಇಷ್ಟಾಳು ಎಂದು ಇಂದಿಗೂ ಲೆಕ್ಕ ಹಾಕಲಾಗುತ್ತದೆ. ಹೆಣ್ಣಾಳು, ಗಂಡಾಳು ಎಂದು ಅದರಲ್ಲೇ ಎರಡು ವಿಧ. ಎರಡಕ್ಕೂ ಬೇರೆ ಬೇರೆ ಕೂಲಿ. ಸಮಾನ ವೇತನ ಕಾಯಿದೆ 1976ರಲ್ಲೇ ಬಂದಿದ್ದರೂ ಹೆಣ್ಣಾಳಿನ ಕೂಲಿ ಕಡಿಮೆ ಎಂಬ ರೂಢಿ ಬೇಗ ಬಿಡಲಿಲ್ಲ.

ಆಳಾಗಿ ದುಡಿ, ಅರಸನಾಗಿ ಉಣ್ಣು ಎಂಬ ಗಾದೆ ಕನ್ನಡಿಗರಿಗೆಲ್ಲ ಗೊತ್ತು. ಗಾದೆಯ ಪ್ರಕಾರ ದುಡಿಯುವವನೂ ಉಣ್ಣುವವನೂ ಒಬ್ಬನೇ. ತೋಟದ ವ್ಯವಸ್ಥೆಯಲ್ಲಿ ಅವರಿಬ್ಬರೂ ಬೇರೆಯಾದರು.

ಇದು ತೋಟದವರ ದೋಷ ಮಾತ್ರವೆಂದು ತಿಳಿಯಬೇಕಾಗಿಲ್ಲ. ಕನ್ನಡ ಪತ್ರಿಕೆಗಳಲ್ಲಿ ಮಂತ್ರಿ ಬರುತ್ತಾರೆ, ಉದ್ಯಮಿ ಹೇಳುತ್ತಾರೆ, ಕೂಲಿಕಾರ ಸಾಯುತ್ತಾನೆ. ಕಚೇರಿಯ ಮೇಜಿನ ಈಚೆಗಿರುವವರು ಆಚೆಗಿರುವವರನ್ನು ಬಟ್ಟೆ ನೋಡಿ ಮಾತಾಡಿಸುತ್ತಾರೆ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಹೋಟೆಲಿನಲ್ಲಿ ಏಕವಚನ ಬಹುವಚನಗಳು ಕ್ಷಣಾರ್ಧದಲ್ಲಿ ನಿರ್ಧಾರವಾಗುತ್ತವೆ. ಸೌಜನ್ಯ ಕಡಿಮೆಯಾಯಿತು ಎಂದು ಇಂದು ದೂರುವವರು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದ ಸೌಜನ್ಯ ಕಡಿಮೆಯಾದುದನ್ನು ಹೇಳುತ್ತಿರುತ್ತಾರೆ. ಮೇಲಿನಿಂದ ಕೆಳಕ್ಕೆ ಬರಬೇಕಾದ ಸೌಜನ್ಯ ಹಿಂದೆಯೂ ಹೇರಳವಾಗಿರಲಿಲ್ಲ.

ಕಾಯಿದೆಯೊಳಗೆ ಬಂದ ತೊಟ್ಟಿಲು

ಸ್ವಾತಂತ್ರ್ಯಾನಂತರ ಯುರೋಪಿಯನ್ನರ ಬಹಳಷ್ಟು ತೋಟಗಳು ದೇಶೀಯರ ಕೈಗೆ ಬಂದವು. 1951ರಲ್ಲಿ ಸಂಸತ್ತು ತೋಟ ಕಾರ್ಮಿಕರ ಕಾಯಿದೆಯನ್ನು ಅಂಗೀಕರಿಸಿತು. ಇಪ್ಪತ್ತೈದು ಎಕರೆಗೆ ಮೇಲ್ಪಟ್ಟ, ಮೂವತ್ತು ಅಥವಾ ಹೆಚ್ಚು ಜನ ದುಡಿಯುವ ತೋಟಗಳಿಗೆ ಅದು ಮೊದಲು ಅನ್ವಯವಾಯಿತು. 1981ರ ತಿದ್ದುಪಡಿ ಈ ಮಿತಿಯನ್ನು ಐದು ಹೆಕ್ಟೇರು ಮತ್ತು ಹದಿನೈದು ಜನಕ್ಕೆ ಇಳಿಸಿತು.

ಈ ಕಾಯಿದೆಯ ಕಲಮುಗಳನ್ನು ಓದುವುದೇ ಒಂದು ಪಾಠ. ಕುಡಿಯುವ ನೀರು ಕೊಡಬೇಕು. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಶೌಚಾಲಯ ಇರಬೇಕು. ಐವತ್ತು ಹೆಂಗಸರು ದುಡಿಯುವಲ್ಲಿ ಅವರ ಕೂಸುಗಳಿಗೆ ಶಿಶುವಿಹಾರ ಇರಬೇಕು. ಎದೆಹಾಲು ಕುಡಿಸಲು ತಾಯಂದಿರಿಗೆ ಬಿಡುವು ಕೊಡಬೇಕು. ನೂರೈವತ್ತು ಜನರಿದ್ದರೆ ಕ್ಯಾಂಟೀನು. ವಾಸಕ್ಕೆ ಮನೆ, ಕಾಯಿಲೆಗೆ ಔಷಧಿ, ವಾರಕ್ಕೊಂದು ರಜೆ. ಇವೆಲ್ಲ ಮನುಷ್ಯ ಮನುಷ್ಯನಿಗೆ ಹೇಳಿಸಿಕೊಳ್ಳದೆ ಮಾಡಬೇಕಾದ ಉಪಚಾರಗಳು. ಇದನ್ನು ಕಾನೂನಿನಲ್ಲಿ ಬರೆಯಬೇಕಾಗಿ ಬಂತು ಎಂಬುದೇ ಅದಕ್ಕೆ ಹಿಂದಿನ ನೂರು ವರ್ಷದ ಸೌಜನ್ಯ ಎಷ್ಟಿತ್ತೆಂಬುದನ್ನು ಹೇಳುತ್ತದೆ.

ಕಾಯಿದೆ ಬಂದಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ ನಿಜ. ಮಿತಿಗಿಂತ ಸಣ್ಣ ತೋಟಗಳಿಗೆ ಅದು ಅನ್ವಯಿಸಲಿಲ್ಲ. ಕಾಫಿ ಸೀಮೆಯಲ್ಲಿ ಹಿಡುವಳಿಗಳ ಪೈಕಿ ಬಹುಪಾಲು ಸಣ್ಣವೇ. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಉಳುವವನಿಗೆ ಹೊಲ ಕೊಡಿಸಿದಾಗಲೂ ಕಾಫಿ, ಏಲಕ್ಕಿ, ಮೆಣಸಿನ ತೋಟಗಳಿಗೆ ವಿನಾಯಿತಿ ಇತ್ತು. ಗದ್ದೆಯ ಗೇಣಿದಾರ ಒಡೆಯನಾದ. ತೋಟದ ಆಳು ಲೈನು ಮನೆಯಲ್ಲೇ ಉಳಿದ. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು ಎಂಬ ಸ್ಥಿತಿಯಲ್ಲಿರುವವನು ಧಣಿಯ ಮಾತಿಗೆ ಎದುರಾಡುವುದು ಹೇಗೆ? 1951ರ ಕಾಯಿದೆಯನ್ನು 2020ರಲ್ಲಿ ಸಂಸತ್ತು ಇತರ ಹನ್ನೆರಡು ಕಾಯಿದೆಗಳ ಜೊತೆ ಒಂದೇ ಸಂಹಿತೆಯೊಳಗೆ ಸೇರಿಸಿದೆ. ತೊಟ್ಟಿಲು, ನೀರು, ಶೌಚಾಲಯಗಳ ಮಾತು ಅಲ್ಲಿಗೂ ಹೋಗಿದೆ.

ಕಣ್ಣಿನ ದುಡಿಮೆ

ಕಾಫಿ ಕುಯ್ಯುವುದನ್ನು ಕುಶಲತೆ ಬೇಡದ ಕೆಲಸ ಎಂದು ಸರ್ಕಾರಿ ಪಟ್ಟಿಗಳು ವರ್ಗೀಕರಿಸುವುದುಂಟು. ತೋಟ ಬಲ್ಲವರು ಹಾಗೆ ಹೇಳಲಾರರು. ಅರೇಬಿಕಾ ಹಣ್ಣು ಒಂದೇ ಸಲ ಮಾಗುವುದಿಲ್ಲ. ಒಂದೇ ಗೊಂಚಲಲ್ಲಿ ಹಸಿರು, ಹಳದಿ, ಕೆಂಪು, ಕಪ್ಪು ಒಟ್ಟಿಗಿರುತ್ತವೆ. ಕೆಂಪನ್ನು ಮಾತ್ರ ಬಿಡಿಸಿ, ಮುಂದಿನ ವರ್ಷ ಹೂ ಬಿಡಬೇಕಾದ ಕಣ್ಣು ಮುರಿಯದಂತೆ, ಟೊಂಗೆ ಸೀಳದಂತೆ ಕೈ ಓಡಿಸಬೇಕು. ಅದೂ ಇಳಿಜಾರಿನಲ್ಲಿ, ಜಿಗಣೆ ಇರುವೆಗಳ ನಡುವೆ, ಸೊಂಟಕ್ಕೆ ಚೀಲ ಕಟ್ಟಿಕೊಂಡು. ಒಂದೇ ಗಿಡಕ್ಕೆ ನಾಲ್ಕಾರು ಸಲ ಬರಬೇಕು. ಹಸಿರು ಕಾಯಿ ಬೆರೆತರೆ ಲೋಟದ ರುಚಿ ಕೆಡುತ್ತದೆ. ನಗರದ ಮೇಜಿನ ಮೇಲೆ ಹೊಗಳಿಸಿಕೊಳ್ಳುವ ಪರಿಮಳ ಮೊದಲು ನಿರ್ಧಾರವಾಗುವುದು ಈ ಬೆರಳುಗಳಲ್ಲಿ.

ದುಡಿಮೆಯಲ್ಲಿ ಗಮನವೆಂಬುದು ಎಂತಹ ಬೆಲೆಬಾಳುವ ವಸ್ತು ಎಂಬುದಕ್ಕೆ ಕಾಫಿ ಚರಿತ್ರೆಯಲ್ಲಿ ಉದಾಹರಣೆಗಳಿವೆ. ಎಲೆತುಕ್ಕು ರೋಗ ತೋಟಗಳನ್ನು ಬಳಲಿಸುತ್ತಿದ್ದ ಕಾಲದಲ್ಲಿ, 1911ರಲ್ಲಿ, ಮೈಸೂರಿನ ದೊಡ್ಡೆನಗುಡ್ಡ ತೋಟದ ಕೆಂಟ್ ಎಂಬ ತೋಟಗಾರ ರೋಗವನ್ನು ತಡೆದುಕೊಂಡಂತಿದ್ದ ಗಿಡವನ್ನು ಗುರುತಿಸಿ ಬೆಳೆಸಿದ. ಕೆಂಟ್ಸ್ ತಳಿ ಅವನ ಹೆಸರಿನಲ್ಲೇ ಪ್ರಸಿದ್ಧವಾಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಅದರ ಹಿಂದೆ ಇದ್ದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೆಂಟ್ಸ್ ತಳಿಯನ್ನು ಇನ್ನೊಂದರೊಡನೆ ಬೆರೆಸಿ 1940ರ ದಶಕದಲ್ಲಿ ಈ ಕೇಂದ್ರ ಬಿಡುಗಡೆ ಮಾಡಿದ ಎಸ್. 795 ಇಂದಿಗೂ ತೋಟಗಳಲ್ಲಿ ಬೆಳೆಯುತ್ತಿದೆ.

ತೋಟಗಾರನ ಹೆಸರು ತಳಿಗೆ ಉಳಿಯಿತು. ಸಾಲು ಸಾಲು ಗಿಡಗಳ ನಡುವೆ ದಿನವಿಡೀ ಇರುತ್ತಿದ್ದವರು ಕಳೆ ಕೀಳುವ ಹೆಂಗಸರು, ಕಸಿ ಮಾಡುವ ಆಳುಗಳು. ಯಾವ ಗಿಡ ಸೊರಗಿತು, ಯಾವುದು ಬದುಕಿತು ಎಂಬುದು ಅವರಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ? ಅವರನ್ನು ಕೇಳಬೇಕು ಎಂದು ಹೊಳೆಯುವುದಕ್ಕೆ ಬೇರೊಂದು ಬಗೆಯ ಮನಸ್ಸು ಬೇಕು.

ಆ ಮನಸ್ಸನ್ನು ಕನ್ನಡದ ಓದುಗರಿಗೆ ತೋರಿಸಿಕೊಟ್ಟವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಕುವೆಂಪು ಅವರ ಮಗನಾಗಿಯೂ ನಗರದ ಉದ್ಯೋಗ ಅರಸದೆ 1960ರ ದಶಕದಲ್ಲಿ ಕಾಫಿ ಸೀಮೆಗೆ ಬಂದು ಕೃಷಿಕರಾದ ಅವರು 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಬದುಕಿದರು. 1980ರಲ್ಲಿ ಪ್ರಕಟವಾದ ಅವರ ‘ಕರ್ವಾಲೊ’ ಕಾದಂಬರಿಯ ಕೇಂದ್ರದಲ್ಲಿ ಹಾರುವ ಓತಿಯ ಶೋಧವಿದೆ. ಆದರೆ ಓದುಗರ ಮನಸ್ಸಿನಲ್ಲಿ ನಿಲ್ಲುವ ಸಂಗತಿ ಇನ್ನೊಂದು. ಊರವರು ಕೆಲಸಕ್ಕೆ ಬಾರದವನೆಂದು ಹಗುರವಾಗಿ ಕಾಣುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರೆ. ಅವನ ಮಾತಿಗೆ ಕಿವಿಗೊಡುತ್ತಾರೆ. ಇನ್ನೊಬ್ಬರ ತಿಳಿವಳಿಕೆಯನ್ನು ಅವರ ಅಂತಸ್ತಿನಿಂದ ಬೇರ್ಪಡಿಸಿ ನೋಡಬಲ್ಲ ಗುಣ ಅದು. ಸೌಜನ್ಯ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗುವುದು ಕಷ್ಟ.

ಬಡಿಸುವವರೇ ಒಡೆಯರಾದಾಗ

ಬೆಟ್ಟದ ಮೇಲೆ ಬೆಳೆದ ಕಾಫಿ ನಗರಕ್ಕೆ ಇಳಿದಾಗ ಇನ್ನೊಂದು ಕಥೆ ಶುರುವಾಯಿತು. ಇಪ್ಪತ್ತನೆಯ ಶತಮಾನದ ಆರಂಭದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಇತರರಿಗೆ ಬೇರೆ ಜಾಗ ಇರುವುದು ಸಾಮಾನ್ಯವಾಗಿತ್ತು. ಪಂಕ್ತಿಭೇದ ದೇವಾಲಯಗಳಿಂದ ಹೋಟೆಲಿಗೂ ಬಂದಿತ್ತು. ಒಂದೇ ಬೆಲೆ ಕೊಟ್ಟವರಿಗೆಲ್ಲ ಒಂದೇ ಮೇಜು ಎಂಬ ಸಾಮಾನ್ಯ ನಿಯಮ ನೆಲೆಯಾಗಲು ದಶಕಗಳೇ ಬೇಕಾದವು.

ಬೆಲೆ ಕುಸಿತದಿಂದ ಕಾಫಿ ಬೆಳೆಗಾರರು ತತ್ತರಿಸುತ್ತಿದ್ದ 1930ರ ದಶಕದಲ್ಲಿ, ದೇಶದೊಳಗೆ ಕಾಫಿ ಕುಡಿಯುವವರನ್ನು ಹೆಚ್ಚಿಸಲೆಂದು ಕಾಫಿ ಸೆಸ್ ಸಮಿತಿ ರಚನೆಯಾಯಿತು. ಅದು 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸನ್ನು ತೆರೆಯಿತು. ಮುಂದೆ ಕಾಫಿ ಮಂಡಳಿ ಇವನ್ನು ನಡೆಸಿತು. 1950ರ ದಶಕದ ಮಧ್ಯಭಾಗದಲ್ಲಿ ಮಂಡಳಿ ಈ ಮಳಿಗೆಗಳನ್ನು ಮುಚ್ಚಲು ನಿರ್ಧರಿಸಿದಾಗ ನೂರಾರು ಕೆಲಸಗಾರರು ಬೀದಿಗೆ ಬೀಳುವ ಸ್ಥಿತಿ ಬಂತು. ಆಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಮಳಿಗೆಗಳನ್ನು ನಡೆಸಬೇಕೆಂದು ಹುರಿದುಂಬಿಸಿದರು. 1957ರಲ್ಲಿ ಬೆಂಗಳೂರಿನಲ್ಲಿ ಅಂತಹ ಮೊದಲ ಸಂಘ ಹುಟ್ಟಿತು.

ನಿನ್ನೆಯವರೆಗೆ ತಟ್ಟೆ ಹಿಡಿದು ನಿಂತಿದ್ದವರು ಲೆಕ್ಕ ಬರೆಯತೊಡಗಿದರು. ಬಿಳಿ ಸಮವಸ್ತ್ರ, ತಲೆಯ ಮೇಲಿನ ಪೇಟ ಹಾಗೆಯೇ ಉಳಿದವು. ಆದರೆ ಅದನ್ನು ತೊಟ್ಟವರು ಈಗ ಒಡೆಯರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸು 2009ರಲ್ಲಿ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಹೋದಾಗ ಅಲ್ಲಿನ ಗಿರಾಕಿಗಳು ಮರುಗಿದ್ದು ಕಾಫಿಯ ರುಚಿಗಾಗಿ ಮಾತ್ರವಲ್ಲ. ಬಡಿಸುವವರು ತಗ್ಗಿ ನಿಲ್ಲದ, ಕುಡಿಯುವವರು ಗದರದ ಒಂದು ಸ್ಥಳ ಅದಾಗಿತ್ತು. ಸೇವೆ ಬೇರೆ, ದಾಸ್ಯ ಬೇರೆ ಎಂಬುದನ್ನು ಯಾವ ಭಾಷಣವೂ ಇಲ್ಲದೆ ಅದು ತೋರಿಸಿತು.

ಚಿಕ್ಕಮಗಳೂರಿನ ಚುನಾವಣೆ

ಸಾರ್ವಜನಿಕ ಜೀವನದ ಮಾತಿನ ಮಟ್ಟವನ್ನು ಚರ್ಚಿಸುವಾಗ ಈ ಜಿಲ್ಲೆಯ ಇನ್ನೊಂದು ಪ್ರಸಂಗವನ್ನು ಬಿಡುವಂತಿಲ್ಲ. ತುರ್ತು ಪರಿಸ್ಥಿತಿಯ ನಂತರ 1977ರಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ತಮ್ಮ ಲೋಕಸಭಾ ಸ್ಥಾನ ತೆರವು ಮಾಡಿದರು. 1978ರ ನವೆಂಬರಿನಲ್ಲಿ ಉಪಚುನಾವಣೆ ನಡೆಯಿತು. ಜನತಾ ಪಕ್ಷದ ಅಭ್ಯರ್ಥಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ. ದೇಶದ ನಾಯಕರೆಲ್ಲ ಕಾಫಿ ಬೆಟ್ಟಗಳಿಗೆ ಬಂದಿಳಿದರು. ಒಂದು ಕಡೆಯನ್ನು ಹೆಣ್ಣು ಸಿಂಹಕ್ಕೂ ಎದುರಾಳಿಗಳನ್ನು ಮುಸುವಗಳ ಹಿಂಡಿಗೂ ಹೋಲಿಸಿದ ಹಿಂದಿ ಘೋಷಣೆ ಅಂದು ದೇಶದುದ್ದಕ್ಕೂ ಮೊಳಗಿತು. ಇಂದಿರಾ ಗೆದ್ದರು.

ಆಮೇಲೆ ನಡೆದದ್ದು ಸ್ವಾರಸ್ಯಕರ. ಆ ಚುನಾವಣೆಯಲ್ಲಿ ಇಂದಿರಾ ಅವರ ಬೆನ್ನಿಗಿದ್ದ ಮುಖ್ಯಮಂತ್ರಿ ದೇವರಾಜ ಅರಸು 1979ರಲ್ಲೇ ಅವರಿಂದ ದೂರವಾದರು. ಎದುರಾಳಿಯಾಗಿದ್ದ ವೀರೇಂದ್ರ ಪಾಟೀಲರು ಇಂದಿರಾ ಅವರ ಪಕ್ಷ ಸೇರಿದರು, 1989ರಲ್ಲಿ ಅದೇ ಪಕ್ಷದಿಂದ ಮತ್ತೆ ಮುಖ್ಯಮಂತ್ರಿಯಾದರು. ರಾಜಕೀಯದಲ್ಲಿ ಪಕ್ಷಗಳು ಬದಲಾಗುತ್ತವೆ, ಶತ್ರುಗಳು ಮಿತ್ರರಾಗುತ್ತಾರೆ. ಆದರೆ ಎದುರಾಳಿಯನ್ನು ಪ್ರಾಣಿಗೆ ಹೋಲಿಸಿ ನಗುವ ಚಾಳಿ ಮಾತ್ರ ಯಾವ ಪಕ್ಷವನ್ನೂ ಬಿಟ್ಟುಹೋಗಲಿಲ್ಲ. ಇಂದಿನ ರಾಜಕಾರಣದ ಬೈಗುಳ ಇಂದೇ ಹುಟ್ಟಿದ್ದೆಂದು ಹಳಹಳಿಸುವವರು ಇದನ್ನು ನೆನೆಯುವುದು ಒಳ್ಳೆಯದು.

ಅದೇ 1978ರಲ್ಲಿ ಮೂಡಿಗೆರೆ ಮೀಸಲು ಕ್ಷೇತ್ರದಿಂದ ಮೋಟಮ್ಮ ಎಂಬ ದಲಿತ ಯುವತಿ ಮೊದಲ ಬಾರಿಗೆ ವಿಧಾನಸಭೆ ಪ್ರವೇಶಿಸಿದರು. ಘೋಷಣೆಗಳ ಅಬ್ಬರದಲ್ಲಿ ಈ ಸಂಗತಿ ದೊಡ್ಡದಾಗಿ ಕಾಣಲಿಲ್ಲ. ಮುಂದೆ ಅವರು ಸಚಿವೆಯಾಗಿದ್ದಾಗ ಬಂದ ಸ್ತ್ರೀಶಕ್ತಿ ಯೋಜನೆ ಹಳ್ಳಿಯ ಹೆಂಗಸರ ಉಳಿತಾಯದ ಗುಂಪುಗಳನ್ನು ರಾಜ್ಯದ ಮೂಲೆ ಮೂಲೆಗೂ ಒಯ್ದಿತು. ಧಣಿಯ ಮುಂಗಡಕ್ಕೆ ಕೈಚಾಚದೆ ಸಾಲ ಪಡೆಯುವ ದಾರಿಯೊಂದು ಕೂಲಿಯ ಹೆಂಗಸರಿಗೂ ತೆರೆಯಿತು. ಮರ್ಯಾದೆಯ ಬದುಕಿಗೆ ಉಪದೇಶಕ್ಕಿಂತ ಇಂತಹ ಏರ್ಪಾಡುಗಳು ಹೆಚ್ಚು ನೆರವಾಗುತ್ತವೆ.

ಅಭಾವದ ಸೌಜನ್ಯ

ಮುಂಗಡದ ಕಥೆ ಹತ್ತೊಂಬತ್ತನೆಯ ಶತಮಾನಕ್ಕೆ ಮುಗಿಯಿತೆಂದು ಹೇಳುವಂತಿಲ್ಲ. ಜೀತ ಪದ್ಧತಿಯನ್ನು ನಿಷೇಧಿಸುವ ಕಾಯಿದೆ 1976ರಲ್ಲಿ ಬಂದಿದೆ. ಆದರೂ 2022ರ ಅಕ್ಟೋಬರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ತೋಟವೊಂದರಲ್ಲಿ ಸಾಲದ ಹಣ ವಾಪಸು ಕೊಡಲಿಲ್ಲವೆಂದು ಪರಿಶಿಷ್ಟ ಜಾತಿಯ ಕೂಲಿಕಾರರನ್ನು ಕೋಣೆಯಲ್ಲಿ ಕೂಡಿಹಾಕಲಾಯಿತೆಂಬ ದೂರು ಬಂದು ಪೊಲೀಸರು ಪ್ರಕರಣ ದಾಖಲಿಸಿದರು. 1859ರ ಕಾಯಿದೆ ರದ್ದಾಗಿ ಸುಮಾರು ನೂರು ವರ್ಷವಾಗುತ್ತಿದ್ದ ಹೊತ್ತಿಗೂ ಇಂತಹ ದೂರು ಬಂದಿತೆಂಬುದು ಯೋಚಿಸಬೇಕಾದ ವಿಷಯ.

ಇದರಿಂದ ತೋಟದವರೆಲ್ಲ ಕ್ರೂರಿಗಳೆಂದು ತೀರ್ಮಾನಿಸುವುದು ಅನ್ಯಾಯವಾದೀತು. ಕೂಲಿಯವರ ಮಕ್ಕಳ ಮದುವೆಗೆ ನಿಂತವರು, ರಾತ್ರಿ ಜೀಪು ಹತ್ತಿಸಿ ಆಸ್ಪತ್ರೆಗೆ ಒಯ್ದವರು, ತಾವೇ ಗುದ್ದಲಿ ಹಿಡಿದು ಜೊತೆಗೆ ದುಡಿಯುವವರು ಈ ಬೆಟ್ಟಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಸಣ್ಣ ಬೆಳೆಗಾರರ ಕಷ್ಟವೂ ಕಡಿಮೆಯದಲ್ಲ. 2001ರ ಸುಮಾರಿಗೆ ಕಾಫಿ ಬೆಲೆ ಪಾತಾಳಕ್ಕೆ ಬಿದ್ದಾಗ ಹಲವು ಮನೆಗಳು ಸಾಲದಲ್ಲಿ ಮುಳುಗಿದವು. ಅಕಾಲದ ಮಳೆ, ಕಾಂಡಕೊರಕ, ಕಾಡಾನೆ ಇವು ಪ್ರತಿ ವರ್ಷದ ಚಿಂತೆಗಳು. 2024ರ ನಂತರ ಬೆಲೆ ಏರಿದಾಗ ಆ ಹಳೆಯ ಸಾಲ ತೀರಿಸಿಕೊಂಡವರೂ ಇದ್ದಾರೆ.

ಈಚಿನ ವರ್ಷಗಳಲ್ಲಿ ಮಾತಿನ ಧಾಟಿಯೂ ಬದಲಾಗಿದೆ. ಕೂಲಿಯವರ ಮಕ್ಕಳು ಓದಿ ಬೆಂಗಳೂರು, ಮಂಗಳೂರುಗಳಿಗೆ ಹೋಗಿದ್ದಾರೆ. ಆಳು ಸಿಗುವುದಿಲ್ಲ ಎಂಬುದು ತೋಟಗಳ ನಿತ್ಯದ ಮಾತಾಗಿದೆ. ಸ್ಥಳೀಯ ಕೆಲಸಗಾರರನ್ನು ಈಗ ಜೀಪಿನಲ್ಲಿ ಕರೆತಂದು ಬಿಡಲಾಗುತ್ತದೆ. ಬಾ ಎನ್ನುತ್ತಿದ್ದವರು ಬನ್ನಿ ಎನ್ನುವುದನ್ನು ಕಲಿತಿದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಇದು ಗುಣದ ಬೆಳವಣಿಗೆಯೋ, ಅಭಾವದ ಫಲವೋ?

ಉತ್ತರ ಬೇಕಾದವರು ಅಸ್ಸಾಂ, ಬಂಗಾಳ, ಜಾರ್ಖಂಡ್, ಮಧ್ಯಪ್ರದೇಶಗಳಿಂದ ಬಂದು ಇದೇ ತೋಟಗಳಲ್ಲಿ ದುಡಿಯುತ್ತಿರುವವರ ಕಡೆ ನೋಡಬೇಕು. ಅವರಿಗೆ ಕನ್ನಡ ಬಾರದು. ಊರಿನಲ್ಲಿ ನೆಂಟರಿಲ್ಲ, ಇಲ್ಲಿ ಓಟಿಲ್ಲ. ನೂರೈವತ್ತು ವರ್ಷದ ಹಿಂದೆ ಘಟ್ಟ ಹತ್ತಿ ಬಂದವರ ಸ್ಥಾನದಲ್ಲಿ ಈಗ ಅವರಿದ್ದಾರೆ. ಕರೆತರುವ ಮೇಸ್ತ್ರಿಯ ಹೆಸರು ಕಂಟ್ರಾಕ್ಟರು ಎಂದಾಗಿದೆ. ಒಬ್ಬ ಸಿಗದಿದ್ದರೆ ಇನ್ನೊಬ್ಬ ಸಿಗುತ್ತಾನೆ ಎಂಬ ಧೈರ್ಯ ಇರುವಲ್ಲಿ ಏಕವಚನ ಸಲೀಸಾಗಿ ಮರಳಿ ಬರುತ್ತದೆ.

ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಕಾಯಕವೆಂದೂ ಹಂಚಿ ಉಣ್ಣುವುದನ್ನು ದಾಸೋಹವೆಂದೂ ಕರೆದು ಎರಡನ್ನೂ ಜೋಡಿಸಿದರು. ಬಿದ್ದ ಅಕ್ಕಿ ಆಯುವುದೇ ಕಾಯಕವಾಗಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬಾ ಎಂದು ಅವನ ಹೆಂಡತಿ ಲಕ್ಕಮ್ಮ ಕಳಿಸಿದ ಕಥೆ ಪ್ರಸಿದ್ಧ. ಅಲ್ಲಿ ಗುಣದ ಪರೀಕ್ಷೆ ತನ್ನಿಂದಲೇ ಆರಂಭವಾಗುತ್ತದೆ. ಕಾಫಿ ಸೀಮೆಯ ಚರಿತ್ರೆ ತೋರಿಸುವುದು ಅದರ ತಿರುಗುಮುರುಗನ್ನು. ಇಲ್ಲಿ ಪ್ರಾಮಾಣಿಕತೆ, ಶ್ರದ್ಧೆ, ವಿನಯಗಳನ್ನು ಮೊದಲು ಕೇಳಿದ್ದು ಕೈಯಲ್ಲಿ ಏನೂ ಇಲ್ಲದವರಿಂದ.

ತೋಟದ ಹಾಜರಿ ಪುಸ್ತಕಕ್ಕೆ ಕಾಫಿ ಸೀಮೆಯಲ್ಲಿ ಚೆಕ್‌ರೋಲು ಎನ್ನುತ್ತಾರೆ. ವಾರದ ಬಟವಾಡೆಯ ದಿನ ರೈಟರು ಅದನ್ನು ತೆರೆದು ಒಬ್ಬೊಬ್ಬರನ್ನಾಗಿ ಕರೆಯುತ್ತಾರೆ. ಹೆಸರು ಪೂರ್ತಿಯಾಗಿ ಬರೆದಿದೆಯೇ, ದುಡಿದ ದಿನಗಳು ಸರಿಯಾಗಿವೆಯೇ, ಮುಂಗಡದಲ್ಲಿ ಕಳೆದದ್ದೆಷ್ಟು ಎಂದು ಕೇಳಿದರೆ ಸಿಡುಕದೆ ತೋರಿಸುತ್ತಾರೆಯೇ ಎಂಬುದನ್ನು ಅಲ್ಲಿ ನಿಂತವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಕಚೇರಿ, ಶಾಲೆ, ಪಕ್ಷ, ಪತ್ರಿಕೆ ಎಲ್ಲ ಕಡೆಯೂ ಇಂತಹ ಒಂದೊಂದು ಪುಸ್ತಕ ಇದ್ದೇ ಇರುತ್ತದೆ. ಸಾರ್ವಜನಿಕ ಜೀವನದ ಸೌಜನ್ಯವನ್ನು ಅಳೆಯಬೇಕೆನ್ನುವವರು ವೇದಿಕೆಯ ಭಾಷಣ ಕೇಳುವುದಕ್ಕಿಂತ ಆ ಪುಸ್ತಕದ ಬಳಿ ಸ್ವಲ್ಪ ಹೊತ್ತು ನಿಂತರೆ ಸಾಕು.